ಹೊನ್ನಿಯ ಪಾಲು

ಮೇಲಿನ ಕೆರೆಗೆ ಜೂನ್ ಬಂದರೆ
ನೀರು ಬರುವುದಿಲ್ಲ, ಕಷಾಯ ಬರುತ್ತದೆ.
ಹೊನ್ನೆ, ಮತ್ತಿ, ಸಿಲ್ವರ್ ಓಕು, ಕಾಫಿ ಸಿಪ್ಪೆ,
ವರ್ಷವಿಡೀ ಗುಡ್ಡ ಉದುರಿಸಿದ್ದೆಲ್ಲ
ಮೊದಲ ಮಳೆಗೆ ನೆನೆದು, ಬಣ್ಣ ಬಿಟ್ಟು
ಚಿಕ್ಕಮಗಳೂರಿನ ಬಾಯಾರಿಕೆಗೆಂದು ಇಳಿದು
ನನ್ನ ಫಿಲ್ಟರ್ ಹೌಸಿನ ಮುಂದೆ ನಿಲ್ಲುತ್ತದೆ
ಹಾಲು ಹಾಕದ ಚಹಾದ ಹಾಗೆ.

ನಾನು ಬ್ಲೀಚಿಂಗ್ ಪುಡಿಯ ಚೀಲ ಬಿಚ್ಚುತ್ತೇನೆ.
ಇಪ್ಪತ್ತಾರು ವರ್ಷ. ಈ ಮೂಗಿಗೀಗ ಮಲ್ಲಿಗೆಯೂ ಒಂದೇ, ಮೀನೂ ಒಂದೇ.
ಹೆಂಡತಿ ನನ್ನ ಅಂಗಿಗೆ ಬೇರೆ ಬಕೆಟ್ಟು ಇಟ್ಟಿದ್ದಾಳೆ:
"ನಿಮ್ಮದರ ಜೊತೆ ನೆನೆಸಿದರೆ ನನ್ನ ಸೀರೆಗೂ ವಯಸ್ಸಾಗುತ್ತೆ."

ಗೋಡೆಯ ಮೇಲೆ ಬರೆದಿದೆ, ಇಷ್ಟು ನೀರಿಗೆ ಇಷ್ಟು ಪುಡಿ.
ಲೆಕ್ಕ ಮುಗಿದ ಮೇಲೆ ಒಂದು ಬೊಗಸೆ ಹೆಚ್ಚು ಹಾಕುತ್ತೇನೆ.
ಯಾರಿಗೂ ಹೇಳಿಲ್ಲ. ಅದು ಹೊನ್ನಿಯ ಪಾಲು.

ಹೊನ್ನಿ ನನ್ನ ತಂಗಿ. ಎಸ್ಟೇಟಿನ ಲೈನ್ ಮನೆ,
ಹಳ್ಳದ ನೀರು, ವಾಂತಿಭೇದಿ, ಒಂದು ಮಂಗಳವಾರ.
ಬೆಳಿಗ್ಗೆ ಗಿಲಕಿ ಬೇಕೆಂದು ಹಟ ಹಿಡಿದವಳು
ಸಂಜೆಗೆ ಒಂದು ಬಟ್ಟೆಗಂಟಿನಷ್ಟಾಗಿದ್ದಳು.
ಕತ್ತಲಾದರೂ ಅವ್ವ ಸೊಂಟದಿಂದ ಇಳಿಸಲಿಲ್ಲ.
ಮೂರನೇ ದಿನ ಇಲಾಖೆಯ ಜೀಪು ಬಂದು
ಬಾವಿಗೆ ಬಿಳಿ ಪುಡಿ ಸುರಿದು ಹೋಯಿತು.
ಮೂರನೇ ದಿನ.

ಈ ಸಲ ಲ್ಯಾಬಿನಿಂದ ಫ್ಲೇವಿಯಾ ಮೇಡಂ ಬಂದರು
ಕಂದು ಗಾಜಿನ ಸೀಸೆಗಳ ಪೆಟ್ಟಿಗೆ ಹಿಡಿದು.
ಕಂಠಪೂರ್ತಿ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ
ನನ್ನ ಟಾರ್ಚಿನ ಬೆಳಕಿಗೆ ಒಡ್ಡಿದರು.
"ಒಂದು ಗುಳ್ಳೆ ಉಳಿದರೂ, ಚೌಡಪ್ಪ,
ನಾವು ಹುಡುಕುವುದು ಅದರೊಳಗೆ ಹಾರಿ ಕೂತುಬಿಡುತ್ತೆ."

ಹುಡುಕುವುದು ಏನನ್ನು ಎಂದೆ.
ಟ್ರೈಹಾಲೋಮೀಥೇನ್ ಎಂದರು. ಅಂದು ನೋಡಿದೆ, ನಾಲಿಗೆ ಎಡವಿತು.
ಆಗ ಬಿಡಿಸಿ ಹೇಳಿದರು:
ಎಲೆಯ ರಸಕ್ಕೂ ನಿಮ್ಮ ಪುಡಿಗೂ ತೊಟ್ಟಿಯೊಳಗೆ ನಂಟು ಬೆಳೆಯುತ್ತೆ.
ಹುಟ್ಟಿದ್ದು ಕಣ್ಣಿಗೆ ಕಾಣದು, ಅದಕ್ಕೆ ಅವಸರವೂ ಇಲ್ಲ.
ಇವತ್ತು ಕುಡಿದವರಿಗೆ ಇವತ್ತೇನೂ ಆಗದು.
ಮೂವತ್ತು ವರ್ಷ ಕುಡಿದ ಊರಲ್ಲಿ
ಕೆಲವರಿಗೆ ಮೂತ್ರಕೋಶದಲ್ಲಿ ಗಡ್ಡೆ ಬರಬಹುದು,
ಬರಬಹುದು, ಎಂದು ಎರಡು ಸಲ ಹೇಳಿದರು,
ಯಾರಿಗೆ ಎಂಬುದು ಸೀಸೆಗೆ ಗೊತ್ತಿಲ್ಲ.

ಉಪ್ಪಳ್ಳಿಯ ಟೈಲರ್ ಜಬ್ಬಾರ್ ಸಾಬರು ನೆನಪಾದರು.
ಹೋದ ವರ್ಷ ಅವರಿಗೆ ಕೆಂಪಗೆ ಹೋಗತೊಡಗಿ
ಹಾಸನಕ್ಕೆ ತೋರಿಸಲು ಹೋದವರು ಚೀಟಿಯೊಂದಿಗೆ ಬಂದರು.
ಬೀಡಿಯೂ ಸೇದುತ್ತಿದ್ದರು, ಎಂದು
ನನಗೆ ನಾನೇ ಹೇಳಿಕೊಂಡೆ. ಜೋರಾಗಿ.

"ನಿಮ್ಮ ಜೂನಿನ ಅಂಕಿ ಮಾತ್ರ ಯಾಕೆ ಇಷ್ಟು ಏರುತ್ತೆ?"

ಬೊಗಸೆ ಅಂದೆನಲ್ಲ.
ಶುರುವಾದದ್ದು ಬೊಗಸೆಯಿಂದಲೇ.
ಈಗದು ಅರ್ಧ ಚೀಲ.
ಇದ್ದಿದ್ದರೆ ಹೊನ್ನಿಗೆ ಐವತ್ತು ದಾಟುತ್ತಿತ್ತು,
ಅವಳ ಬದಲು ಅವಳ ಪಾಲು ಬೆಳೆಯಿತು.

"ಮಳೆ, ಮೇಡಂ" ಎಂದೆ.
ಮಳೆ, ಎಂದು ಬರೆದುಕೊಂಡರು.
ಗೇಟಿನ ಹತ್ತಿರ ತಿರುಗಿ ನಿಂತರು:
"ಹಾಗಂತ ಪುಡಿ ನಿಲ್ಲಿಸಿಬಿಟ್ಟೀರಿ! ನಿಲ್ಲಿಸಿದರೆ
ಮೂವತ್ತು ವರ್ಷ ಕಾಯಬೇಕಿಲ್ಲ, ಮೂರು ದಿನ ಸಾಕು.
ಮೊದಲು ಎಲೆ ಬಾಚಿ, ಮರಳು ದಾಟಿಸಿ,
ಆಮೇಲೆ ಹಾಕಿ. ಲೆಕ್ಕದಷ್ಟು."

ರಾತ್ರಿ ಜಾಲರಿಗೆ ಅಂಟಿದ್ದನ್ನೆಲ್ಲ ಕೆರೆದೆ.
ಏಳು ಬುಟ್ಟಿ. ಉಗುರಿನೊಳಗೆ ಕಾಡು.
ಮರಳು ದಾಟಿದ ನೀರು ಎಷ್ಟೋ ತಿಳಿಯಾಗಿತ್ತು.
ಗೋಡೆಯ ಲೆಕ್ಕ ಓದಿ, ತೂಗಿ, ಹಾಕಿದೆ.
ಮಿಕ್ಕ ಚೀಲದ ಬಾಯಿಗೆ ಹುರಿ ಕಟ್ಟಿದೆ.
ಬಿಚ್ಚಿದೆ.
ಕಟ್ಟಿದೆ.
ತಕ್ಕಡಿಯ ಪಕ್ಕ ಅದು ಕುಕ್ಕರಿಸಿ ಕೂತಿತ್ತು,
ಏನೋ ಬೇಕೆಂದು ಹಟ ಹಿಡಿದವರ ಹಾಗೆ.

ಐದಕ್ಕೆ ವಾಲ್ವು ತಿರುಗಿಸಿದೆ.
ಸೀಸೆಗಳು ಆಗಲೇ ಬಸ್ಸು ಹತ್ತಿವೆ,
ವರದಿಗೆ ಇಪ್ಪತ್ತಮೂರು ದಿನವಂತೆ.
ಅಷ್ಟರಲ್ಲಿ ಇದು ಊರಿಗೆಲ್ಲ ಚಹಾ ಆಗಿರುತ್ತೆ, ಅನ್ನ ಆಗಿರುತ್ತೆ,
ಯಾರದೋ ಬಸುರಿನಲ್ಲಿ ಒಂದು ಉಗುರಿನಷ್ಟು ಮೈ ಆಗಿರುತ್ತೆ.
ಮೊದಲ ಲೋಟ ನಾನೇ ಹಿಡಿದೆ.
ಮೂಸಿದೆ. ಅಭ್ಯಾಸ.
ಏನೂ ತಿಳಿಯಲಿಲ್ಲ.